ಅವ್ವನ ಹೆಬ್ಬೆಟ್ಟು ಮತ್ತು ಗೇಟಿನ ಯಂತ್ರ

ಹೋದ ತಿಂಗಳು ಹೊಸಪೇಟೆಯ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಹೊಸ ಫೋನು ತಗೊಳ್ಳಲು ನಿಂತಿದ್ದೆ. ಅಂಗಡಿಯವನು ಫೋನನ್ನು ನನ್ನ ಮುಂದೆ ಹಿಡಿದು, "ಇಲ್ಲಿ ಬೆರಳು ಇಡ್ರಿ ಮೇಡಂ. ಇಟ್ರಾತು, ಕಣ್ಣು ಮುಚ್ಚಿ ತೆಗೆಯೋದ್ರಾಗ ಓಪನ್. ನಂಬರ್ ಒತ್ತೋ ತಾಪತ್ರಯನೇ ಇಲ್ಲ," ಎಂದ. "ಬ್ಯಾಡ್ರಿ, ನನಗ ನಂಬರಿಂದೇ ಇರ್ಲಿ," ಎಂದೆ. ಅವನು ಬಿಡಲಿಲ್ಲ. "ಭಾಳ ಫಾಸ್ಟ್ ಐತ್ರಿ, ಒಂದ್ಸಲ ಇಟ್ಟು ನೋಡ್ರಿ, ಆಮ್ಯಾಲ ನೀವ ಬಿಡಂಗಿಲ್ಲ," ಎಂದು ಫೋನನ್ನು ನನ್ನ ಕೈಗೆ ತಾಗಿಸಿದ. "ಬ್ಯಾಡ ಅಂದ್ರ ತಿಳಿಯಂಗಿಲ್ಲೇನ್ರಿ ನಿಮಗ?" ಎಂದು ಎಷ್ಟು ಜೋರಾಗಿ ಒದರಿದೆನೆಂದರೆ, ಪಕ್ಕದಲ್ಲಿ ಚಾರ್ಜರ್ ನೋಡುತ್ತಿದ್ದ ಗಂಡ ಹೆಂಡತಿ ಇಬ್ಬರೂ ತಿರುಗಿ ನನ್ನ ಮುಖ ನೋಡಿದರು.

ಪಾಪ, ಅವನದೇನೂ ತಪ್ಪಿರಲಿಲ್ಲ. ಬೆರಳಿನ ಗುರುತು ಹಿಡಿಯುವ ಯಂತ್ರದ ಮೇಲೆ ನನಗಿರುವ ಸಿಟ್ಟು ಈ ಫೋನುಗಳಿಗಿಂತ ಹಳೆಯದು. ಗಣಿಯ ದುಡ್ಡು ಉಕ್ಕಿ ಹರಿಯುತ್ತಿದ್ದ ವರ್ಷಗಳಲ್ಲಿ, ಬೆರಳಿಟ್ಟರೆ ತೆರೆಯುವ ಫೋನನ್ನು ನಮ್ಮ ಕಡೆ ಯಾರೂ ಕನಸಿನಲ್ಲೂ ಕಾಣದಿದ್ದಾಗಲೇ, ಅದೇ ಜಾತಿಯ ಯಂತ್ರವೊಂದು ನಾನು ಕೆಲಸ ಮಾಡುತ್ತಿದ್ದ ಅದಿರಿನ ಯಾರ್ಡಿನ ಗೇಟಿಗೆ ಬಂದು ಕೂತಿತ್ತು. ಅದನ್ನು ಊರೆಲ್ಲ ಹೊಗಳಿಕೊಂಡು ತಿರುಗಿದವಳು ನಾನೇ. ಅದಕ್ಕೆ ಎಲ್ಲರ ಬೆರಳು ಕಲಿಸಿದವಳೂ ನಾನೇ. ಹಣೆ ಹಣೆ ಬಡಿದುಕೊಳ್ಳಬೇಕೆಂದರೆ ನನ್ನ ಹಣೆಯನ್ನೇ ಬಡಿದುಕೊಳ್ಳಬೇಕು.

ಯಾರ್ಡು ನಮ್ಮೂರು ಪಾಪಿನಾಯಕನಹಳ್ಳಿಯಿಂದ ಸಂಡೂರಿನ ಕಡೆ ಹೋಗುವ ದಾರಿಯಲ್ಲಿತ್ತು. ಲಾರಿಗಳು ಇರುವೆ ಸಾಲಿನ ಹಾಗೆ ಬರುತ್ತಿದ್ದವು, ಹೋಗುತ್ತಿದ್ದವು. ಮರದ ಎಲೆ, ಎಮ್ಮೆಯ ಬೆನ್ನು, ಒಣಗಲು ಹಾಕಿದ ಬಟ್ಟೆ ಎಲ್ಲಕ್ಕೂ ಒಂದೇ ಬಣ್ಣ, ಕೆಂಪು. ನಾನು ಹೊಸಪೇಟೆಯಲ್ಲಿ ಆರು ತಿಂಗಳ ಕಂಪ್ಯೂಟರ್ ಕೋರ್ಸು ಮುಗಿಸಿ, ಅದೇ ಯಾರ್ಡಿನ ಹಾಜರಿ ಆಫೀಸಿನಲ್ಲಿ ಕ್ಲರ್ಕ್ ಆಗಿ ಸೇರಿದ್ದೆ. ಗೇಟಿನ ಪಕ್ಕದ ಸಣ್ಣ ಕೋಣೆ, ಒಂದು ಕಿಟಕಿ, ಒಂದು ಫ್ಯಾನು. ನನ್ನವ್ವ ಅಲ್ಲಿಯೇ, ನಾನು ಸೇರುವುದಕ್ಕೆ ಹನ್ನೊಂದು ವರ್ಷ ಮೊದಲಿನಿಂದ, ಅದಿರಿನ ಗುಡ್ಡೆಯ ಮುಂದೆ ಕೂತು ಕಲ್ಲು ಆರಿಸುತ್ತಿದ್ದಳು. ಹೆಂಟೆಯನ್ನು ಸುತ್ತಿಗೆಯಿಂದ ಒಡೆದು, ಒಳ್ಳೆಯ ಅದಿರನ್ನು ಎರಡೂ ಕೈಯಿಂದ ಹೆಕ್ಕಿ ಪುಟ್ಟಿಗೆ ಹಾಕಿ, ಕೆಲಸಕ್ಕೆ ಬಾರದ ಕಲ್ಲನ್ನು ಬೇರೆ ಎಸೆಯುವ ಕೆಲಸ. ಸುಮಾರು ನಲವತ್ತು ಹೆಂಗಸರು. ಸೀರೆಯ ಮೇಲೆ ಗಂಡಸರ ಅಂಗಿ, ತಲೆಗೆ ಟವೆಲು.

ಅವರೆಲ್ಲ ದಿನಗೂಲಿಯವರು. ಸಂಜೆ ಮೇಸ್ತ್ರಿ ಸಾಲಿನುದ್ದಕ್ಕೂ ಬಂದು ಒಬ್ಬೊಬ್ಬರಿಗೆ ಹೇಳುತ್ತಿದ್ದ: "ನೀ ನಾಳೆ ಬಾ. ನೀ ನಾಳೆ ಬ್ಯಾಡ." ಅಷ್ಟೇ. ಯಾಕೆ ಎಂದು ಕೇಳುವಂತಿಲ್ಲ. ಹನ್ನೊಂದು ವರ್ಷ ನನ್ನವ್ವ ದಿನಾ ಸಂಜೆ ಆ ಎರಡು ಮಾತಿನಲ್ಲಿ ಯಾವುದು ಬರುತ್ತದೋ ಎಂದು ಕಾದವಳು. ಮನೆಗೆ ಬಂದ ಮೇಲೆ ಅವಳ ಮುಖ ನೋಡಿಯೇ ನಾವು ತಿಳಿದುಕೊಳ್ಳುತ್ತಿದ್ದೆವು.

ಅದೇ ವರ್ಷ ಕಂಪನಿಯವರು, ಇವರಲ್ಲಿ ಹದಿನೈದು ಹೆಂಗಸರನ್ನು ಕಾಯಂ ಮಾಡುತ್ತೇವೆ ಎಂದರು. ಆರು ತಿಂಗಳ ಹಾಜರಿ ನೋಡುತ್ತಾರೆ, ತಿಂಗಳಿಗೆ ಎರಡಕ್ಕಿಂತ ಹೆಚ್ಚು ಗೈರು ಇರಬಾರದು, ಮೇಸ್ತ್ರಿ ಬೇಡವೆಂದ ದಿನ ಲೆಕ್ಕಕ್ಕಿಲ್ಲ. ಹಳಬರಿಗೆ ಮೊದಲ ಅವಕಾಶ. ಆ ಸಂಜೆ ಅವ್ವ ಮನೆಗೆ ಬಂದವಳು ಕೈಕಾಲು ಕೂಡ ತೊಳೆಯದೆ ಕಟ್ಟೆಯ ಮೇಲೆ ಕೂತು, "ಇನ್ಮ್ಯಾಲ ಆ ಮೇಸ್ತ್ರಿ ಬಾಯಿ ಕಾಯೋದು ತಪ್ತೈತಿ ನೋಡವ್ವ. ಯಾರ ತಪ್ಪಿಸಿದ್ರೂ ನಾ ಒಂದಿನ ತಪ್ಪಿಸಂಗಿಲ್ಲ," ಎಂದಳು. ಅವಳು ಅಷ್ಟು ಖುಷಿಯಾಗಿದ್ದುದನ್ನು ನಾನು ಬಹಳ ವರ್ಷದಿಂದ ಕಂಡಿರಲಿಲ್ಲ.

ಹಾಜರಿಗೆ ಅಲ್ಲಿಯವರೆಗೆ ಪುಸ್ತಕವಿತ್ತು. ಅವ್ವ ಅದರಲ್ಲಿ ಸಹಿ ಹಾಕುತ್ತಿದ್ದಳು. ಮೊದಲು ಅವಳೂ ಎಲ್ಲರ ಹಾಗೆ ಹೆಬ್ಬೆಟ್ಟು ಒತ್ತಿದವಳೇ. ಊರಿಗೆ ಸಾಕ್ಷರತೆಯ ಕ್ಲಾಸು ಬಂದಾಗ, ನಾಲ್ಕು ಮಂದಿ ನಕ್ಕರೂ ಸ್ಲೇಟು ಹಿಡಿದುಕೊಂಡು ಹೋಗಿ ಕೂತು ಅಕ್ಷರ ಕಲಿತಳು. ನಿಧಾನಕ್ಕೆ, ಒಂದೊಂದೇ ಅಕ್ಷರ, ಕೆಳಗೆ ಒಂದು ಗೆರೆ. ಹಿಂದಿನವರು "ಜಲ್ದಿ ಬರಿಯವ್ವ, ಹೊತ್ತಾತು" ಎಂದರೆ, "ನೀವೂ ಕಲ್ತಿದ್ರ ಗೊತ್ತಾಗ್ತಿತ್ತು" ಎಂದು ತಿರುಗಿಸಿ ಕೊಡುತ್ತಿದ್ದಳು. ಬೈಯುತ್ತ ಬೈಯುತ್ತಲೇ ಏಳೆಂಟು ಹೆಂಗಸರಿಗೆ ಸಹಿ ಕಲಿಸಿದ್ದಳು.

ಹೊಸ ಮ್ಯಾನೇಜರ್ ಬಂದದ್ದು ಆಗ. ಬೆಂಗಳೂರಿನ ಕಡೆಯವರು, ಇಸ್ತ್ರಿ ಅಂಗಿ, ಮೂಗಿಗೆ ಸದಾ ಕರವಸ್ತ್ರ. ಗೇಟಿನಲ್ಲಿ ಹೆಂಗಸರ ಸಾಲು ನೋಡಿ, "ಸಹಿ ಹಾಕೋಕೇ ಅರ್ಧ ಗಂಟೆ ಆಗುತ್ತಲ್ರೀ," ಎಂದರು. ಒಂದು ವಾರದಲ್ಲಿ ಯಂತ್ರ ಬಂತು. ಬಿಳಿಯ ಡಬ್ಬಿ, ಅದರ ಕೆಳಗೆ ಕೆಂಪು ಬೆಳಕಿನ ಸಣ್ಣ ಗಾಜು. ಬೆರಳಿಟ್ಟರೆ ಒಂದು ಹೆಣ್ಣು ಧ್ವನಿ "ಥ್ಯಾಂಕ್ ಯೂ" ಅನ್ನುತ್ತಿತ್ತು. ನಾನು ಇಟ್ಟೆ, ತಕ್ಷಣ "ಥ್ಯಾಂಕ್ ಯೂ." ಮತ್ತೆ ಇಟ್ಟೆ, ಮತ್ತೆ "ಥ್ಯಾಂಕ್ ಯೂ." ನನಗೆ ಹುಚ್ಚು ಹಿಡಿದಂತಾಯಿತು. ಇಡೀ ಸಾಲು ಐದು ನಿಮಿಷದಲ್ಲಿ ಒಳಗೆ! ಊರಲ್ಲಿ ಸಿಕ್ಕವರಿಗೆಲ್ಲ ಅದೇ ಕಥೆ ಹೇಳಿದೆ. ಆ ಯಂತ್ರವನ್ನು ನಾನೇ ಹೆತ್ತಂತೆ ಆಡಿದೆ.

ಎಲ್ಲರ ಬೆರಳನ್ನು ಯಂತ್ರಕ್ಕೆ ಮೊದಲು ತೋರಿಸಿ ಸೇರಿಸಬೇಕಿತ್ತು. ಯಂತ್ರ ಬಂದಾಗ ಲಾರಿ ಮುಷ್ಕರ ನಡೆದಿತ್ತು. ಯಾರ್ಡು ಹನ್ನೆರಡು ದಿನ ಬಂದ್, ನಡುವೆ ದೀಪಾವಳಿ ಬೇರೆ. ಹೆಂಗಸರೆಲ್ಲ ಮನೆಯಲ್ಲಿದ್ದರು. ಅವ್ವ ಕಂಪ್ಲಿ ಹತ್ತಿರದ ಮೆಟ್ರಿಗೆ, ತನ್ನ ತವರಿಗೆ ಹೋಗಿ, ಎಣ್ಣೆ ನೀರು ಮಾಡಿಕೊಂಡು, ಕೈಗೆ ದಿನಾ ಹರಳೆಣ್ಣೆ ತಿಕ್ಕಿಸಿಕೊಂಡು ಬಂದಳು. ಯಾರ್ಡು ತೆರೆಯುವ ಹಿಂದಿನ ದಿನ ಎಲ್ಲರನ್ನೂ ಕರೆಸಿ ಬೆರಳು ಸೇರಿಸಿದೆ. ಕೆಲಸ ನಿಂತ ದಿನಗಳಲ್ಲಿ ಈ ಕೆಲಸ ಮುಗಿಸಿಕೊಂಡೆನಲ್ಲ, ಎಂಥ ಬುದ್ಧಿವಂತೆ ನಾನು ಎಂದು ಬೆನ್ನು ತಟ್ಟಿಕೊಂಡೆ.

ಅವತ್ತು ಹೆಂಗಸರೆಲ್ಲ ಸಾಲಾಗಿ ಬಂದು ಎಡಗೈ ಹೆಬ್ಬೆಟ್ಟು ಚಾಚಿದರು. ರೇಷನ್ ಕಾರ್ಡಿಗೆ, ಜಮೀನಿನ ಕಾಗದಕ್ಕೆ ಎಡಗೈಯನ್ನೇ ಒತ್ತಿದ ರೂಢಿ. "ಎಡಗೈ ಬ್ಯಾಡ್ರವ್ವ, ಬಲಗೈ. ಇದೇನ್ ರೇಷನ್ ಅಂಗಡಿ ಅಲ್ಲ," ಎಂದು ಒಬ್ಬೊಬ್ಬರಿಗೂ ಗದರಿದೆ. ಅವ್ವನ ಸರದಿ ಬಂದಾಗ ಅವಳು ಕೈಯನ್ನೇ ಚಾಚಲಿಲ್ಲ.

"ಪುಸ್ತಕ ಎಲ್ಲಿ?" ಎಂದಳು.

"ಪುಸ್ತಕ ಇನ್ನಿಲ್ಲವ್ವ. ಹೆಬ್ಬೆಟ್ಟು ಇಟ್ರಾತು."

"ಹೆಬ್ಬೆಟ್ಟು ಬಿಟ್ಟು ಸಹಿ ಕಲ್ತಾಕಿ ನಾನು. ಈಗ ಮತ್ತ ಹೆಬ್ಬೆಟ್ಟು ಒತ್ತು ಅಂತೀಯಲ್ಲ, ನಿನಗರ ನಾಚಿಕಿ ಐತೇನ್ಲೇ?"

ಹಿಂದಿನವರು ಕಿಸಕ್ಕನೆ ನಕ್ಕರು. ನನಗೆ ಅವಮಾನವಾಯಿತು. "ಅವ್ವ, ಇದು ಆ ಹೆಬ್ಬೆಟ್ಟಲ್ಲ. ಮ್ಯಾನೇಜರೂ ಇದನ್ನೇ ಇಡ್ತಾರ, ನಾನೂ ಇದನ್ನೇ ಇಡ್ತೀನಿ. ತಲಿ ತಿನ್ನಬ್ಯಾಡ, ಇಡು," ಎಂದು ಅವಳ ಬಲಗೈ ಹಿಡಿದು ಗಾಜಿನ ಮೇಲೆ ಒತ್ತಿದೆ. ಹೌದು, ನಾನೇ ಹಿಡಿದು ಒತ್ತಿದೆ. ಕಂಪ್ಯೂಟರಿನಲ್ಲಿ ಅವಳ ಹೆಬ್ಬೆಟ್ಟಿನ ಗೆರೆಗಳು ಹೊಸದಾಗಿ ಉತ್ತ ಹೊಲದ ಸಾಲಿನಂತೆ ಒಂದೊಂದೂ ಬೇರೆ ಬೇರೆಯಾಗಿ ಕಂಡವು. "ನೋಡಿಲ್ಲಿ, ಎಷ್ಟು ಚಂದ ಬಂದೈತಿ!" ಎಂದೆ. ಅವಳು ನೋಡಲಿಲ್ಲ.

ಮೊದಲ ಎಂಟು ದಿನ ಎಲ್ಲ ಸರಿಯಾಗಿತ್ತು. ಹೆಂಗಸರಿಗೂ ಮಜಾ ಅನ್ನಿಸತೊಡಗಿತು. ಆ ಧ್ವನಿಗೆ 'ಥ್ಯಾಂಕ್ಯೂ ಅವ್ವ' ಎಂದು ಹೆಸರಿಟ್ಟರು. ಒಬ್ಬ ಮುದುಕಿಯಂತೂ ಬೆರಳಿಟ್ಟು ಅದು "ಥ್ಯಾಂಕ್ ಯೂ" ಎಂದ ತಕ್ಷಣ, "ಇರ್ಲಿ ಬಿಡವ್ವ, ಅದಕ್ಕೇನು," ಎಂದು ಉತ್ತರ ಕೊಟ್ಟೇ ಒಳಗೆ ಹೋಗುತ್ತಿದ್ದಳು.

ಒಂಬತ್ತನೆಯ ದಿನವೋ ಹತ್ತನೆಯ ದಿನವೋ, ಅದು ಮೊದಲ ಬಾರಿಗೆ "ಪ್ಲೀಸ್ ಟ್ರೈ ಅಗೇನ್" ಎಂದಿತು. ಒಬ್ಬಳಿಗೆ, ಇಬ್ಬರಿಗೆ, ಆಮೇಲೆ ಹತ್ತು ಮಂದಿಗೆ. ಅವ್ವ ಇಟ್ಟಳು, "ಪ್ಲೀಸ್ ಟ್ರೈ ಅಗೇನ್." ಸೆರಗಿಗೆ ಒರೆಸಿ ಇಟ್ಟಳು, ಅದೇ ಮಾತು. ಹಣೆಯ ಜಿಡ್ಡಿಗೆ ತಿಕ್ಕಿ ಇಟ್ಟಳು, ಅದೇ ಮಾತು. ನಾನು ಅವಳ ಕೈ ಹಿಡಿದು ಬೆಳಕಿಗೆ ಒಡ್ಡಿ ನೋಡಿದೆ. ಹೆಬ್ಬೆಟ್ಟು ಒರಳುಗುಂಡಿನಂತೆ ನುಣ್ಣಗಾಗಿತ್ತು. ಒಂದೇ ಒಂದು ಗೆರೆ ಇರಲಿಲ್ಲ.

ನನ್ನ ಬುದ್ಧಿವಂತಿಕೆ ಆಗ ನನಗೆ ತಿಳಿಯಿತು. ಹನ್ನೆರಡು ದಿನ ಸುಮ್ಮನಿದ್ದ ಕೈಯಲ್ಲಿ ಗೆರೆಗಳು ಮತ್ತೆ ಹುಟ್ಟಿದ್ದವು. ನಾನು ಯಂತ್ರಕ್ಕೆ ಕಲಿಸಿದ್ದು ಆ ರಜೆಯ ಕೈಯನ್ನು. ಕೆಲಸ ಶುರುವಾದ ಮೇಲೆ ಅದಿರು ಎಂಟೊಂಬತ್ತು ದಿನದಲ್ಲಿ ಅದನ್ನೆಲ್ಲ ತಿಕ್ಕಿ ತೆಗೆದಿತ್ತು. ಅಂದರೆ ಯಾರು ಮೈಮುರಿದು ದುಡಿಯುತ್ತಾಳೋ ಅವಳು ಗೈರು. ಆರಾಮಾಗಿ ಫ್ಯಾನಿನ ಕೆಳಗೆ ಕೂತ ನಾನು, ಮ್ಯಾನೇಜರ್, ಅಕೌಂಟೆಂಟ್ ಹಾಜರ್. ಇಂಥ ಅನ್ಯಾಯದ ಯಂತ್ರವನ್ನು ಯಾವ ಮಹಾಶಯ ಮಾಡಿದನೋ, ಅವನನ್ನು ಕರೆತಂದು ಒಂದು ವಾರ ಆ ಗುಡ್ಡೆಯ ಮುಂದೆ ಕೂರಿಸಬೇಕಿತ್ತು.

ಮ್ಯಾನೇಜರಿಗೆ ಹೇಳಿದೆ. "ಸರ್, ಇದು ಇವರ ಕೈಗೆ ಆಗಂಗಿಲ್ಲ. ಪುಸ್ತಕಾನೂ ಇಡೋಣ್ರಿ."

"ಕೈ ತೊಳ್ಕೊಂಡು ಬರೋಕೆ ಹೇಳಮ್ಮ. ಎಲ್ಲ ಕಡೆ ನಡೀತಿದೆ, ಇಲ್ಲೇನು ವಿಶೇಷ?" ಎಂದರು. ಕೈ ತೊಳೆದುಕೊಂಡು! ಅವತ್ತೇ ನನಗೆ ಮೈಯೆಲ್ಲ ಉರಿದುಹೋಯಿತು. ಅವರೇ ಒಂದು ದಾರಿ ಹೇಳಿದರು. ಮೂರು ಸಲ ಇಟ್ಟರೂ ಆಗದಿದ್ದವರು ನನ್ನ ಕಿಟಕಿಗೆ ಬರಬೇಕು, ನಾನು ಪಾಸ್‌ವರ್ಡ್ ಹಾಕಿ ಅವರ ಹಾಜರಿ ಸೇರಿಸಬೇಕು, ಸಂಜೆ ಆ ಹಾಳೆಗೆ ಮ್ಯಾನೇಜರ್ ಸಹಿ ಪಡೆಯಬೇಕು. ನಾನು ಹೊರಡುವಾಗ ಕರೆದು, "ನಿಮ್ಮ ತಾಯಿನೂ ಇಲ್ಲೇ ಕೆಲಸ ಮಾಡ್ತಾರಂತಲ್ಲ. ಸ್ವಲ್ಪ ಹುಷಾರು," ಎಂದರು.

ಮೊದಲ ದಿನ ಹನ್ನೊಂದು ಮಂದಿಯ ಹಾಜರಿ ಸೇರಿಸಿದೆ, ಅವ್ವನದನ್ನೂ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅಕೌಂಟೆಂಟ್ ಎಲ್ಲರಿಗೂ ಕೇಳುವಂತೆ, "ಅವ್ವಗ ಹಾಜರಿ ಹಾಕಾಕಂತನೇ ಮಗಳನ್ನ ತಂದು ಕುಂದ್ರಿಸ್ಯಾರ ನೋಡ್ರಿ. ಮಸ್ತ್ ಐತಿ," ಎಂದ. ಎಲ್ಲರೂ ನಕ್ಕರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುವ ಮಾತೇ ತಲೆಯಲ್ಲಿ ಗುಂಯ್‌ಗುಡತೊಡಗಿತು. ಆ ಮನೆಹಾಳನ ಮುಖಕ್ಕೆ ಸಾರು ಎರಚಬೇಕಿತ್ತು. ಎರಚಲಿಲ್ಲ. ಎದ್ದು ಬಂದೆ.

ಮರುದಿನ ಅವ್ವ ಕಿಟಕಿಗೆ ಬಂದಾಗ, "ನೀ ಇನ್ನೊಮ್ಮಿ ಇಟ್ಟು ನೋಡವ್ವ," ಎಂದೆ. ಅವಳು ಹೋಗಿ ಇಟ್ಟು ಬಂದಳು. "ಆಗವಲ್ದು." "ಸಾಬೂನು ಹಚ್ಚಿ ತೊಳದು ಇಡು." ತೊಳೆದು ಇಟ್ಟಳು. "ಆಗವಲ್ದಬೇ." ಹಿಂದೆ ಬೇರೆ ಹೆಂಗಸರು ನಿಂತಿದ್ದರು. ಅವರ ಹೆಸರುಗಳನ್ನು ಟಕಟಕನೆ ಸೇರಿಸಿ ಕಳಿಸಿದೆ. ಅವ್ವನಿಗೆ ಮಾತ್ರ, "ನೀ ಕೆಲಸಕ್ಕ ಹೋಗು, ನಿಂದು ನಾ ಆಮ್ಯಾಲ ಸರಿ ಮಾಡ್ತೀನಿ," ಎಂದೆ. ಅವಳು ಹೋದಳು. ನಾನು ಸರಿ ಮಾಡಲಿಲ್ಲ. ಮ್ಯಾನೇಜರಿಗೆ ಒಂದೇ ಸಲ ಎಲ್ಲ ಹೇಳಿ, ಅವರ ಒಪ್ಪಿಗೆ ತಗೊಂಡೇ ಸೇರಿಸುತ್ತೇನೆ, ಆಗ ಯಾರೂ ಮಾತಾಡುವಂತಿಲ್ಲ ಎಂದು ಅಂದುಕೊಂಡೆ. ನಾಳೆ ಹೇಳುತ್ತೇನೆ, ನಾಡಿದ್ದು ಹೇಳುತ್ತೇನೆ ಎಂದು ದಿನ ತಳ್ಳಿದೆ, ಅವ್ವನಿಗೆ ದಿನಾ ಅದೇ ಮಾತು ಹೇಳಿ ಕಳಿಸಿದೆ.

ಕೂಲಿಗೆ ಮೇಸ್ತ್ರಿಯ ಪುಸ್ತಕ ಬೇರೆ ಇತ್ತು, ಅದು ಸರಿಯಾಗಿ ಕೈಗೆ ಬರುತ್ತಿತ್ತು. ಹಾಗಾಗಿ ಅವ್ವನಿಗೆ ಅನುಮಾನವೂ ಬರಲಿಲ್ಲ. ಮಗಳು ಕಿಟಕಿಯಲ್ಲಿ ಕೂತಿರುವಾಗ ಅನುಮಾನ ಯಾಕೆ ಬರಬೇಕು?

ಅವಳಂತೂ ತನ್ನ ಪಾಲಿನದನ್ನು ಮಾಡಿದಳು. ಹೆಬ್ಬೆಟ್ಟಿಗೆ ಹಳೆಯ ಸೀರೆಯ ಚೂರು ಸುತ್ತಿಕೊಂಡು ಕಲ್ಲು ಆರಿಸತೊಡಗಿದಳು, ಗೆರೆ ಸವೆಯದಿರಲಿ ಎಂದು. ನೋಡನೋಡುತ್ತ ಸಾಲಿನ ಹೆಂಗಸರೆಲ್ಲ ಸುತ್ತಿಕೊಂಡರು. ಮೇಸ್ತ್ರಿ ನಕ್ಕು ನಕ್ಕು, "ಏನ್ರವ್ವಾ, ಹೆಬ್ಬೆಟ್ಟಿಗೂ ಪಟಗ ಸುತ್ತೀರಿ, ಯಾರ ಮದಿವಿ ಐತಿ?" ಎಂದ. ಬಟ್ಟೆ ಸುತ್ತಿದ ಬೆರಳಿಗೆ ಹಿಡಿತ ಸಿಗುತ್ತಿರಲಿಲ್ಲ, ಕೆಲಸ ನಿಧಾನವಾಯಿತು. ನಾಲ್ಕು ದಿನಕ್ಕೆ ಅವನ ನಗು ಹೋಗಿ ಬೈಗುಳ ಶುರುವಾಯಿತು. ಬಟ್ಟೆ ಬಿಚ್ಚಿಸಿದ. ಅವ್ವ ಮಾತ್ರ ಅವನು ಆಚೆ ತಿರುಗಿದ ಕೂಡಲೇ ಮತ್ತೆ ಸುತ್ತಿಕೊಳ್ಳುತ್ತಿದ್ದಳು. ಒಮ್ಮೊಮ್ಮೆ ಮರುದಿನ ಬೆಳಿಗ್ಗೆ ಯಂತ್ರ ಒಪ್ಪುತ್ತಿತ್ತು. ಆಗ ಅವಳು ಕಿಟಕಿಯ ಕಡೆ ನೋಡಿ, "ಇವತ್ತು ಹಿಡೀತು ನೋಡು!" ಎಂದು ಒದರುತ್ತಿದ್ದಳು. ಬಹುಪಾಲು ದಿನ ಒಪ್ಪುತ್ತಿರಲಿಲ್ಲ. ಆ ದಿನಗಳಲ್ಲಿ ಸಾಲಿನ ಕೊನೆಗೆ ಹೋಗಿ ನಿಂತು ಮತ್ತೆ ಬರುತ್ತಿದ್ದಳು, ಮತ್ತೆ ನಿಲ್ಲುತ್ತಿದ್ದಳು. ನಾನು ಒಳಗಿನಿಂದ ನೋಡುತ್ತಿದ್ದೆ.

ಮ್ಯಾನೇಜರಿಗೆ ಕೊನೆಗೂ ಹೇಳಿದ್ದು ಐದನೆಯ ತಿಂಗಳಲ್ಲಿ. "ಆಗಿನದನ್ನ ಈಗ ಸೇರಿಸೋಕೆ ಆಗಲ್ಲಮ್ಮ. ಅವತ್ತವತ್ತೇ ಹಾಕಬೇಕಿತ್ತು. ಬೇರೆಯವರದ್ದೆಲ್ಲ ಹಾಕಿದ್ದೀರಲ್ಲ?" ಎಂದರು. ಹೌದು, ಬೇರೆಯವರದ್ದೆಲ್ಲ ಹಾಕಿದ್ದೆ. "ಸರ್, ನಾನೇ ದಿನಾ ನೋಡೀನ್ರಿ, ಆಕಿ ಒಂದಿನಾನೂ ತಪ್ಪಿಸಿಲ್ಲ. ಮೇಸ್ತ್ರಿ ಪುಸ್ತಕ ತರಸ್ರಿ," ಎಂದೆ. "ಮೇಸ್ತ್ರಿ ಪುಸ್ತಕ ನಂಬೋ ಹಾಗಿದ್ರೆ ಮಷಿನ್ ಯಾಕೆ ತರ್ತಿದ್ವಿ? ಮಷಿನ್ ಸುಳ್ಳು ಹೇಳಲ್ಲ," ಎಂದು ಫೋನು ಎತ್ತಿಕೊಂಡರು. ಸುಳ್ಳು ಹೇಳುವುದಿಲ್ಲವಂತೆ! ಆರು ಗಂಟೆಗೆ ಎದ್ದು ರೊಟ್ಟಿ ಬಡಿದು ಕಟ್ಟಿಕೊಂಡು, ಏಳೂವರೆಗೆ ಗೇಟಿನಲ್ಲಿ ನಿಂತ ಹೆಂಗಸನ್ನು ಇಲ್ಲವೇ ಇಲ್ಲ ಅನ್ನುವ ವಸ್ತುವಿಗೆ ಇವರ ನಿಘಂಟಿನಲ್ಲಿ ಯಾವ ಹೆಸರಿದೆಯೋ.

ಆರು ತಿಂಗಳು ಮುಗಿದ ಮೇಲೆ ಪಟ್ಟಿಯನ್ನು ಕಂಪ್ಯೂಟರಿನಿಂದ ತೆಗೆದು ಬೋರ್ಡಿಗೆ ಅಂಟಿಸಿದವಳೂ ನಾನೇ. ಹದಿನೈದು ಹೆಸರು. ಅವುಗಳಲ್ಲಿ ಒಂಬತ್ತು ನನ್ನ ಕೈಯಿಂದ ಹಾಜರಿ ಸೇರಿಸಿಕೊಂಡವರದು. ಅವ್ವನ ಹೆಸರಿನ ಮುಂದೆ ಅರವತ್ತಕ್ಕೂ ಹೆಚ್ಚು ಗೈರು ಇದ್ದುದರಿಂದ ಅದು ಪಟ್ಟಿಗೆ ಬರಲೇ ಇಲ್ಲ. ಅಂಟಿಸಿ ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ಮಧ್ಯಾಹ್ನದ ಊಟದ ಹೊತ್ತಿಗೆ ಹೆಂಗಸರು ಬೋರ್ಡಿನ ಮುಂದೆ ಸೇರಿದರು. ಓದಲು ಬರದವರು ಅವ್ವನನ್ನೇ ಮುಂದೆ ಮಾಡಿ, "ಓದವ್ವ, ಓದು" ಎಂದರು. ಅವಳು ಮೊದಲಿನಿಂದ ಒಂದೊಂದೇ ಹೆಸರು ಗಟ್ಟಿಯಾಗಿ ಓದಿದಳು. ಹೆಸರು ಬಂದವಳು "ಯವ್ವಾ!" ಎಂದು ಅವಳ ತೋಳು ಹಿಡಿದುಕೊಳ್ಳುತ್ತಿದ್ದಳು. ಹದಿನೈದೂ ಓದಿದಳು. ಆಮೇಲೆ ಹಾಳೆಯ ಕೆಳಗೆ ಇನ್ನೊಂದು ಹಾಳೆ ಇದೆಯೇನೋ ಎಂದು ಎತ್ತಿ ನೋಡಿದಳು.

ನನ್ನ ಕಿಟಕಿಗೆ ಬಂದಳು. ಅವಳು ಬಾಯಿ ತೆರೆಯುವ ಮೊದಲೇ ನಾನು ಶುರು ಮಾಡಿದೆ. ಆ ದರಿದ್ರ ಯಂತ್ರವನ್ನು ಕಲ್ಲಿನಿಂದ ಜಜ್ಜಬೇಕು ಎಂದೆ. ಮ್ಯಾನೇಜರಿಗೆ ಕಣ್ಣಿಲ್ಲ, ಕರುಳಿಲ್ಲ ಎಂದೆ. ಬೆಂಗಳೂರಿನಿಂದ ಬಂದವರಿಗೆ ನಮ್ಮ ಕೈ ಏನು ಗೊತ್ತು ಎಂದೆ. ಅಕೌಂಟೆಂಟ್ ಹಾಳಾಗಿ ಹೋಗಲಿ ಎಂದೆ. ಎಲ್ಲರನ್ನೂ ಬೈದೆ, ಕೂಗಿ ಕೂಗಿ ಬೈದೆ. ಅವಳು ಕಿಟಕಿಯ ಸರಳು ಹಿಡಿದುಕೊಂಡು ಪೂರ್ತಿ ಕೇಳಿಸಿಕೊಂಡಳು. ಸಿಟ್ಟು ಮಾಡಲಿಲ್ಲ. ಅವಳು ಸಿಟ್ಟಾಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಮಷಿನ್ನಿಗೆ ನನ್ ಗುರ್ತು ಸಿಗಲಿಲ್ಲ, ಹೋಗ್ಲಿ ಬಿಡು," ಎಂದಳು. "ಅದೇನ್ ನನ್ ಹೊಟ್ಯಾಗ ಹುಟ್ಟಿದ್ದಲ್ಲ. ನೀ ದಿನಾ ಇಲ್ಲೇ ಕುಂತು ನನ್ನ ನೋಡ್ತಿದ್ದೆಲ್ಲ."